ಕೂಡಿ ನುಡಿಸುವ ಸಂಸ್ಕಾರ

ಸಂಗೀತ ಕಚೇರಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ತುಂಬಿದ ಸಭಾಂಗಣ, ಎತ್ತರದ ವೇದಿಕೆ ಮತ್ತು ದೀರ್ಘ ಕರತಾಡನ. ಆದರೆ ಪಾಶ್ಚಾತ್ಯ ಸಂಗೀತದ ಕೆಲವು ಶ್ರೇಷ್ಠ ಕೃತಿಗಳು ಮನೆಯ ಪಡಸಾಲೆಗಾಗಿ ಹುಟ್ಟಿಕೊಂಡವು. ಮೊದಲು ಅರಮನೆಗಳ ಒಳಕೋಣೆಗಳಲ್ಲಿ, ಅನಂತರ ಶಾಲಾ ಮಾಸ್ತರರು, ವರ್ತಕರು, ಅಧಿಕಾರಿಗಳು ಮುಂತಾದ ಸಾಮಾನ್ಯ ಗೃಹಸ್ಥರ ಮನೆಗಳಲ್ಲಿ ಬೆಳೆದ ಈ ಪ್ರಕಾರಕ್ಕೆ ಚೇಂಬರ್ ಸಂಗೀತ, ಅರ್ಥಾತ್ ಕೋಣೆಯ ಸಂಗೀತ ಎಂಬ ಹೆಸರು ಬಂದಿದೆ. ಹತ್ತೊಂಬತ್ತನೆಯ ಶತಮಾನದ ರೊಮ್ಯಾಂಟಿಕ್ ಯುಗದಲ್ಲಿ ಪಿಯಾನೋ ಮತ್ತು ತಂತಿವಾದ್ಯಗಳ ಜೊತೆಗೂಡಿಕೆಯಿಂದ ಇದು ಹೊಸ ಎತ್ತರವನ್ನು ಮುಟ್ಟಿತು. ಒಂದು ಪಿಯಾನೋ, ಎರಡು ವಯಲಿನ್, ಒಂದು ವಿಯೋಲಾ, ಒಂದು ಚೆಲ್ಲೋ - ಇವಿಷ್ಟೇ ಸೇರಿದರೆ ಪಿಯಾನೋ ಕ್ವಿಂಟೆಟ್ ಸಿದ್ಧ. ಇಂತಹ ಕಚೇರಿಗಳು ನಮ್ಮ ನಾಡಿನಲ್ಲೂ ಆಗಾಗ ನಡೆಯುತ್ತವೆ. ಅವು ಪಂಡಿತರಿಗೆ ಮೀಸಲಾದವು, ನಮಗಲ್ಲ ಎಂದು ಭಾವಿಸಿ ಅನೇಕ ಕುಟುಂಬಗಳು ದೂರ ಉಳಿಯುವುದುಂಟು. ಈ ಭಾವನೆಯನ್ನು ತುಸು ಪರಿಶೀಲಿಸುವುದು ಒಳಿತೆಂದು ನಮಗೆ ತೋರುತ್ತದೆ.

ಈ ಸಂಗೀತದಲ್ಲಿ ಮೊದಲು ಗಮನಿಸಬೇಕಾದುದೇನೆಂದರೆ ಇಲ್ಲಿ ಕೋಲು ಹಿಡಿದು ಮುಂದೆ ನಿಲ್ಲುವ ನಿರ್ದೇಶಕನಿರುವುದಿಲ್ಲ. ದೊಡ್ಡ ವಾದ್ಯವೃಂದದಲ್ಲಿ ಒಂದೇ ಸಾಲನ್ನು ಹತ್ತಾರು ವಯಲಿನ್‌ಗಳು ನುಡಿಸುವುದರಿಂದ ಒಬ್ಬನ ತಪ್ಪು ಇನ್ನೊಬ್ಬನ ನೆರಳಿನಲ್ಲಿ ಅಡಗಿಕೊಳ್ಳಬಹುದು. ಕ್ವಿಂಟೆಟ್‌ನಲ್ಲಿ ಒಬ್ಬೊಬ್ಬನ ಸಾಲನ್ನೂ ಅವನೊಬ್ಬನೇ ನುಡಿಸಬೇಕು. ಯಾರು ಯಾವಾಗ ಆರಂಭಿಸಬೇಕು, ಎಷ್ಟು ಮೆಲ್ಲಗೆ ನುಡಿಸಬೇಕು, ಎಲ್ಲಿ ಇನ್ನೊಬ್ಬನಿಗೆ ದಾರಿ ಬಿಡಬೇಕು ಎಂಬುದೆಲ್ಲವೂ ಒಂದು ಕಣ್ನೋಟದಲ್ಲಿ, ಒಂದು ಉಸಿರಿನಲ್ಲಿ ತೀರ್ಮಾನವಾಗುತ್ತದೆ. ಪಿಯಾನೋ ಎಂಬುದು ಬಲಿಷ್ಠ ವಾದ್ಯ. ಅದು ತನ್ನ ಪೂರ್ಣ ಬಲವನ್ನು ತೋರಿದರೆ ನಾಲ್ಕು ತಂತಿವಾದ್ಯಗಳೂ ಮುಳುಗಿಹೋಗುತ್ತವೆ. ಆದುದರಿಂದ ಪಿಯಾನೋ ವಾದಕನು ನುಡಿಸುವುದರ ಜೊತೆಗೆ ಸದಾ ಕೇಳಿಸಿಕೊಳ್ಳುತ್ತಲೂ ಇರಬೇಕು. ಶಕ್ತಿಯುಳ್ಳವನು ತನ್ನ ಶಕ್ತಿಯನ್ನು ತಾನೇ ಮಿತಿಯಲ್ಲಿಟ್ಟುಕೊಳ್ಳುವುದು ಇಲ್ಲಿನ ಮೊದಲ ಪಾಠ.

ಈ ಪಾಠವನ್ನು ಮನೆಯಲ್ಲಿಯೇ ಕಲಿತವನು ಫ್ರಾನ್ಜ್ ಶೂಬರ್ಟ್. ವಿಯೆನ್ನಾ ನಗರದ ಹೊರವಲಯದ ಒಬ್ಬ ಕಥೋಲಿಕ ಶಾಲಾ ಮಾಸ್ತರರ ಮಗ ಆತ. ಅವರ ಮನೆಯಲ್ಲಿ ಅಣ್ಣಂದಿರಾದ ಫರ್ಡಿನಾಂಡ್ ಮತ್ತು ಇಗ್ನಾಜ್ ವಯಲಿನ್ ನುಡಿಸಿದರೆ, ಫ್ರಾನ್ಜ್ ವಿಯೋಲಾ ಹಿಡಿಯುತ್ತಿದ್ದ. ತಂದೆ ಚೆಲ್ಲೋ ನುಡಿಸುತ್ತಿದ್ದರು. ತಂದೆ ತಪ್ಪಿದಾಗ ಬಾಲಕ ಫ್ರಾನ್ಜ್ ಮೊದಲ ಸಲ ಕೇಳಿಸದವನಂತೆ ಸುಮ್ಮನಿರುತ್ತಿದ್ದನೆಂದೂ, ಅದೇ ತಪ್ಪು ಮರುಕಳಿಸಿದರೆ ಮಾತ್ರ ನಸುನಗುತ್ತಾ ಅತ್ಯಂತ ವಿನಯದಿಂದ ಸೂಚಿಸುತ್ತಿದ್ದನೆಂದೂ ಅಣ್ಣ ಫರ್ಡಿನಾಂಡ್ ನೆನಪಿಸಿಕೊಂಡಿದ್ದಾನೆ. ಮಗನ ಮಾತನ್ನು ತಂದೆ ಒಪ್ಪಿಕೊಳ್ಳುವ, ತಂದೆಯ ಗೌರವಕ್ಕೆ ಮಗ ಕುಂದು ತಾರದ ಆ ಮನೆಯ ಚಿತ್ರ ಎಷ್ಟು ಸೊಗಸು! ಅದೇ ಹುಡುಗ 1814ರಲ್ಲಿ, ತನ್ನ ಹದಿನೇಳನೆಯ ವಯಸ್ಸಿನಲ್ಲಿ, ಲಿಖ್ಟೆಂಟಾಲ್ ದೇವಾಲಯದ ಶತಮಾನೋತ್ಸವಕ್ಕಾಗಿ ಪೂರ್ಣ ಬಲಿಪೂಜೆಯ ಸಂಗೀತವನ್ನು ರಚಿಸಿದ. 1819ರಲ್ಲಿ ಸ್ಟಯರ್ ಎಂಬ ಊರಿನ ಗಣಿ ಅಧಿಕಾರಿ, ಹವ್ಯಾಸಿ ಚೆಲ್ಲೋ ವಾದಕ ಸಿಲ್ವೆಸ್ಟರ್ ಪಾಮ್‌ಗಾರ್ಟ್‌ನರ್ ಅವರ ಕೋರಿಕೆಯಂತೆ ಆತ ಬರೆದ 'ಟ್ರೌಟ್' ಕ್ವಿಂಟೆಟ್ ಇಂದಿಗೂ ಈ ಪ್ರಕಾರದ ಅತ್ಯಂತ ಜನಪ್ರಿಯ ಕೃತಿಗಳಲ್ಲೊಂದು. ಎರಡನೆಯ ವಯಲಿನ್‌ನ ಸ್ಥಾನದಲ್ಲಿ ಅಲ್ಲಿ ಡಬಲ್ ಬಾಸ್ ಇದೆ. ನಾಲ್ಕನೆಯ ಭಾಗದಲ್ಲಿ ಆತನದೇ ಹಿಂದಿನ ಗೀತೆಯೊಂದು ಬಗೆಬಗೆಯಾಗಿ ಅರಳುತ್ತದೆ. ಸ್ನೇಹಿತರು ಕೂಡಿ ನುಡಿಸಲೆಂದು ಬರೆದ ಈ ಕೃತಿ ಅಚ್ಚಾದುದು ಆತನ ಮರಣಾನಂತರ, 1829ರಲ್ಲಿ.

ವಯಲಿನ್, ವಿಯೋಲಾ, ಚೆಲ್ಲೋಗಳ ಪೂರ್ಣ ಚತುಷ್ಟಯವನ್ನು ಪಿಯಾನೋದ ಎದುರು ಕೂರಿಸಿ, ಮುಂದಿನವರಿಗೆಲ್ಲ ಮಾದರಿಯನ್ನು ಹಾಕಿಕೊಟ್ಟವನು ರಾಬರ್ಟ್ ಶೂಮನ್. 1842ರ ಶರತ್ಕಾಲದಲ್ಲಿ ಲೈಪ್‌ಜಿಗ್ ನಗರದಲ್ಲಿ, ಕೆಲವೇ ವಾರಗಳ ಅವಧಿಯಲ್ಲಿ, ಇ-ಫ್ಲ್ಯಾಟ್ ಮೇಜರ್ ಕ್ವಿಂಟೆಟ್ ಸಿದ್ಧವಾಯಿತು. ಅದನ್ನು ಆತ ಅರ್ಪಿಸಿದುದು ಪತ್ನಿ ಕ್ಲಾರಾಳಿಗೆ. ಆಕೆಯ ತಂದೆಯ ತೀವ್ರ ವಿರೋಧವನ್ನು ನ್ಯಾಯಾಲಯದವರೆಗೂ ಎದುರಿಸಿ 1840ರ ಸೆಪ್ಟೆಂಬರ್ 12ರಂದು ಅವರು ವಿವಾಹವಾಗಿದ್ದರು. ಕ್ಲಾರಾ ಆ ಕಾಲದ ಅಗ್ರಗಣ್ಯ ಪಿಯಾನೋ ವಾದಕಿ. 1842ರ ಡಿಸೆಂಬರ್‌ನಲ್ಲಿ ಸ್ನೇಹಿತರ ಮನೆಯೊಂದರಲ್ಲಿ ಹೊಸ ಕೃತಿಯನ್ನು ನುಡಿಸಬೇಕೆಂದಿದ್ದಾಗ ಆಕೆ ಅಸ್ವಸ್ಥಳಾದಳು. ಆಗ ಫೆಲಿಕ್ಸ್ ಮೆಂಡೆಲ್ಸನ್ ಎಂಬ ಮಹಾಸಂಗೀತಕಾರ ತಾನೇ ಪಿಯಾನೋದ ಮುಂದೆ ಕುಳಿತು, ಮುನ್ನ ಅಭ್ಯಾಸ ಮಾಡದ ಆ ಕಠಿಣ ಭಾಗವನ್ನು ಹಾಳೆ ನೋಡಿ ನೋಡಿಯೇ ನುಡಿಸಿದ. ಅನಂತರ ಕೆಲವು ತಿದ್ದುಪಡಿಗಳನ್ನೂ ಸೂಚಿಸಿದ. ಶೂಮನ್ ಅವುಗಳನ್ನು ಸ್ವೀಕರಿಸಿ ಕೃತಿಯನ್ನು ಪರಿಷ್ಕರಿಸಿದ. 1843ರ ಜನವರಿ 8ರಂದು ಲೈಪ್‌ಜಿಗ್‌ನ ಗೆವಾಂಡ್‌ಹೌಸ್‌ನಲ್ಲಿ ನಡೆದ ಮೊದಲ ಸಾರ್ವಜನಿಕ ಪ್ರದರ್ಶನದಲ್ಲಿ ಪಿಯಾನೋ ನುಡಿಸಿದವಳು ಕ್ಲಾರಾ.

ಈ ಕೃತಿಯನ್ನು ಮೊದಲ ಬಾರಿಗೆ ಕೇಳುವವರಿಗೆ ಶಾಸ್ತ್ರಜ್ಞಾನ ಅನಿವಾರ್ಯವಲ್ಲ. ಆರಂಭದಲ್ಲಿ ಐದೂ ವಾದ್ಯಗಳು ಒಟ್ಟಾಗಿ ಧೀರವಾದ ಸ್ವರಗಳನ್ನು ಎತ್ತುತ್ತವೆ. ಬಾಗಿಲು ಒಮ್ಮೆಲೇ ತೆರೆದಂತಾಗುತ್ತದೆ. ಎರಡನೆಯ ಭಾಗವು ಶವಯಾತ್ರೆಯ ನಡಿಗೆ. ಮಾತು ತಡವರಿಸಿದಂತೆ ನಿಂತು ನಿಂತು ಸಾಗುವ ಆ ರಾಗದ ನಡುವೆ ಒಮ್ಮೆ ಸಮಾಧಾನದ ಗಾನವೊಂದು ಮೂಡಿ ಮರೆಯಾಗುತ್ತದೆ. ಮೂರನೆಯ ಭಾಗವು ಸ್ವರಗಳ ಏಣಿಯನ್ನು ಹತ್ತಿ ಇಳಿಯುವ ಆಟ. ಕೊನೆಯ ಭಾಗದಲ್ಲಿ, ಎಲ್ಲವೂ ಮುಗಿಯಿತೆನ್ನುವ ಹೊತ್ತಿಗೆ, ಮೊಟ್ಟಮೊದಲು ಕೇಳಿದ ಆ ಧೀರ ರಾಗವು ಹಿಂತಿರುಗಿ ಬಂದು ಅಂತಿಮ ಭಾಗದ ರಾಗದೊಡನೆ ಹೆಣೆದುಕೊಳ್ಳುತ್ತದೆ. ನಡುವೆ ಬಂದ ದುಃಖವನ್ನು ಅಳಿಸಿಹಾಕದೆ, ಅದನ್ನು ದಾಟಿ ಬಂದವರ ಸಂತೋಷ ಅದು. ಮಕ್ಕಳಿಗೂ ಇದು ತಿಳಿಯುತ್ತದೆ.

ಶೂಮನ್‌ನ ಬದುಕು ಸುಖಾಂತವಾಗಲಿಲ್ಲ. 1854ರಲ್ಲಿ ಮನೋವ್ಯಾಧಿಯ ತೀವ್ರತೆಯಲ್ಲಿ ಆತ ರೈನ್ ನದಿಗೆ ಹಾರಿದ. ಬದುಕಿ ಉಳಿದರೂ ಎಂಡೆನಿಖ್‌ನ ಚಿಕಿತ್ಸಾಲಯದಲ್ಲಿ ಎರಡು ವರ್ಷಗಳಿಗೂ ಮೀರಿ ಕಳೆದು 1856ರ ಜುಲೈ 29ರಂದು ನಿಧನನಾದ. ಮಕ್ಕಳ ದೊಡ್ಡ ಸಂಸಾರವನ್ನು ಕ್ಲಾರಾ ತನ್ನ ಬೆರಳುಗಳ ದುಡಿಮೆಯಿಂದಲೇ ಸಲಹಿದಳು. ಆದರೆ ಕಾಯಿಲೆ ಉಲ್ಬಣಿಸುವ ಮುನ್ನ ಶೂಮನ್ ಒಂದು ದೊಡ್ಡ ಕಾರ್ಯವನ್ನು ಮಾಡಿದ್ದ. 1853ರಲ್ಲಿ ತನ್ನ ಮನೆಯ ಬಾಗಿಲು ತಟ್ಟಿದ ಇಪ್ಪತ್ತರ ತರುಣ ಯೊಹಾನೆಸ್ ಬ್ರಾಮ್ಸ್‌ನ ಪ್ರತಿಭೆಯನ್ನು ಗುರುತಿಸಿ, ಪತ್ರಿಕೆಯಲ್ಲಿ ಲೇಖನ ಬರೆದು ಲೋಕಕ್ಕೆ ಪರಿಚಯಿಸಿದ್ದ. ಬ್ರಾಮ್ಸ್‌ನ ಎಫ್ ಮೈನರ್ ಪಿಯಾನೋ ಕ್ವಿಂಟೆಟ್ ಮೊದಲು 1862ರಲ್ಲಿ ಬರೀ ತಂತಿವಾದ್ಯಗಳಿಗಾಗಿ ಹುಟ್ಟಿತು. ಅದು ಸರಿಬಾರದೆ ಎರಡು ಪಿಯಾನೋಗಳ ಕೃತಿಯಾಯಿತು. ಅದೂ ಸಾಲದೆಂದು ಕ್ಲಾರಾ ಮುಂತಾದ ಆಪ್ತರು ನುಡಿದಾಗ 1864ರಲ್ಲಿ ಇಂದಿನ ರೂಪವನ್ನು ತಳೆಯಿತು. ಮೂರು ಸಲ ಕಟ್ಟಿದ ಮನೆ ಅದು. ಸ್ನೇಹಿತರ ನಿಷ್ಠುರ ಮಾತನ್ನು ಕಿವಿಗೊಟ್ಟು ಕೇಳುವ ಗುಣವಿಲ್ಲದಿದ್ದರೆ ಆ ಕೃತಿ ನಮಗೆ ದೊರೆಯುತ್ತಿರಲಿಲ್ಲ.

ಬ್ರಾಮ್ಸ್ ತಾನು ಪಡೆದುದನ್ನು ಮರೆಯಲಿಲ್ಲ. 1877ರಲ್ಲಿ ಆತ ತನ್ನ ಪ್ರಕಾಶಕ ಸಿಮ್ರಾಕ್‌ಗೆ ಪತ್ರ ಬರೆದು, ಹೊರಜಗತ್ತಿಗೆ ಅಷ್ಟಾಗಿ ಪರಿಚಯವಿಲ್ಲದ ಒಬ್ಬ ಬೊಹೀಮಿಯನ್ ಸಂಗೀತಕಾರನನ್ನು ಶಿಫಾರಸು ಮಾಡಿದ. ಆತನೇ ಅಂತೋನಿನ್ ದ್ವೊರ್ಜಾಕ್. ನೆಲಹೊಜೆವೆಸ್ ಎಂಬ ಹಳ್ಳಿಯಲ್ಲಿ ಕಸಾಯಿ ವೃತ್ತಿಯನ್ನೂ ಛತ್ರವನ್ನೂ ನಡೆಸುತ್ತಿದ್ದ ಕಥೋಲಿಕ ಕುಟುಂಬದ ಮಗ. ಅದೇ ವರ್ಷದ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ, ಕೆಲವೇ ವಾರಗಳ ಅಂತರದಲ್ಲಿ, ಆತನ ಇಬ್ಬರು ಮಕ್ಕಳು ತೀರಿಕೊಂಡರು. 1875ರಲ್ಲಿಯೇ ಒಂದು ಶಿಶುವನ್ನು ಕಳೆದುಕೊಂಡಿದ್ದ ಮನೆ ಬರಿದಾಯಿತು. ಶಿಲುಬೆಯ ಬಳಿ ನಿಂತ ಮಾತೆಯನ್ನು ಕುರಿತ 'ಸ್ಟಾಬಾಟ್ ಮಾಟೆರ್' ಕೃತಿಯನ್ನು ಆತ ಆ ವರ್ಷವೇ ಪೂರ್ಣಗೊಳಿಸಿದ. ಹತ್ತು ವರ್ಷಗಳ ತರುವಾಯ, 1887ರಲ್ಲಿ, ಎ ಮೇಜರ್ ಪಿಯಾನೋ ಕ್ವಿಂಟೆಟ್ ಬರೆದ. ಚೆಲ್ಲೋದ ಮೃದುಗಾನದಿಂದ ಆರಂಭವಾಗುವ ಈ ಕೃತಿಯ ಎರಡನೆಯ ಭಾಗ 'ದುಮ್ಕಾ'. ಅದರಲ್ಲಿ ವಿಷಾದ ಮತ್ತು ಉಲ್ಲಾಸಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ತನ್ನ ಹಸ್ತಪ್ರತಿಗಳ ಕೊನೆಯಲ್ಲಿ ದೇವರಿಗೆ ವಂದನೆ ಬರೆಯುವುದು ಆತನ ರೂಢಿ. ಮುಂದೆ ದ್ವೊರ್ಜಾಕ್ ಅಮೆರಿಕದಲ್ಲಿದ್ದಾಗ, ಅಚ್ಚಿಗೆ ಹೋಗುವ ಆತನ ಕೃತಿಗಳ ಕರಡು ತಿದ್ದುವ ಕೆಲಸವನ್ನು ವಯೋವೃದ್ಧ ಬ್ರಾಮ್ಸ್ ತಾನೇ ವಹಿಸಿಕೊಂಡ. ಹಿರಿಯನು ಕಿರಿಯನ ಕರಡು ತಿದ್ದಿದ ಈ ಸಂಗತಿಯನ್ನು ಕಲೆಯ ಚರಿತ್ರೆಯಲ್ಲಷ್ಟೇ ಇಡದೆ ನಮ್ಮ ಮನೆಗಳಲ್ಲೂ ಹೇಳಬೇಕು.

ಇದು ಪರದೇಶದ ಸಂಗೀತ, ನಮಗೇಕೆ ಎಂದು ಕೆಲವರು ಕೇಳಬಹುದು. ವಯಲಿನ್ ಸಹ ಪರದೇಶದಿಂದಲೇ ಬಂದ ವಾದ್ಯ. ಇಂದು ಅದಿಲ್ಲದ ಕರ್ನಾಟಕ ಸಂಗೀತ ಕಚೇರಿಯನ್ನು ಊಹಿಸುವುದು ಕಷ್ಟ. ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಅಳವಡಿಸಿ ನುಡಿಸಿದರು. ಅವರ ಹೆಸರಿನ ಸಭಾಂಗಣವು ಬೆಂಗಳೂರಿನಲ್ಲಿ ವಯಲಿನ್ ಆಕಾರದಲ್ಲಿಯೇ ನಿಂತಿದೆ. ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೋ ಬಲ್ಲವರು. ಲಂಡನ್ನಿನಲ್ಲಿ ನೆಲೆಸಿ ಅನಾರೋಗ್ಯ ಮತ್ತು ಕಡೆಗಣನೆಗಳಿಂದ ಬಳಲಿದ್ದ ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ಧ್ವನಿಮುದ್ರಿಕೆಗಳಾಗಿ ಹೊರಬರಲು 1940ರ ದಶಕದ ಕೊನೆಯಲ್ಲಿ ಧನಸಹಾಯ ನೀಡಿದವರು ಅವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. ಯೌವನದಲ್ಲಿ ತೊಡಗಿದ್ದ ತಮ್ಮ ಪಿಯಾನೋ ಕ್ವಿಂಟೆಟ್ಟನ್ನು ಅವರು ಮುಗಿಸಿದುದು ಬದುಕಿನ ಈ ಕೊನೆಯ ವರ್ಷಗಳಲ್ಲಿ; 1951ರಲ್ಲಿ ಅವರು ತೀರಿಕೊಂಡರು. ರೊಮ್ಯಾಂಟಿಕ್ ಪರಂಪರೆಯ ಒಂದು ಕೊನೆಯ ದೀಪಕ್ಕೆ ಎಣ್ಣೆ ಎರೆದ ಕೈ ಕನ್ನಡ ನಾಡಿನದು ಎಂಬುದನ್ನು ನಾವು ಮರೆಯಬಾರದು.

ಈಗ ನಮ್ಮ ಮನೆಗಳತ್ತ ದೃಷ್ಟಿ ಹರಿಸೋಣ. ನಮ್ಮ ಅನೇಕ ಕುಟುಂಬಗಳಲ್ಲಿ ಮಕ್ಕಳು ಕೀಬೋರ್ಡ್, ವಯಲಿನ್, ಗಿಟಾರ್ ಕಲಿಯುತ್ತಿದ್ದಾರೆ. ಲಂಡನ್ನಿನ ಸಂಸ್ಥೆಗಳು ನಡೆಸುವ ಪರೀಕ್ಷೆಗಳಲ್ಲಿ ಒಂದೊಂದೇ ಗ್ರೇಡ್ ಏರುತ್ತಿದ್ದಾರೆ. ಇದು ಸಂತೋಷದ ವಿಷಯವೇ. ತಂದೆತಾಯಿಯರು ಹೊಟ್ಟೆಬಟ್ಟೆ ಕಟ್ಟಿ ಶುಲ್ಕ ಭರಿಸುತ್ತಿದ್ದಾರೆಂಬುದನ್ನೂ ನಾವು ಬಲ್ಲೆವು. ಆದರೆ ಆ ಮಗು ಮೂರು ಪಾಠಗಳನ್ನು ಪರೀಕ್ಷಕರ ಮುಂದೆ ಒಂಟಿಯಾಗಿ ಒಪ್ಪಿಸಿ, ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿ, ಹತ್ತನೆಯ ತರಗತಿ ಬಂದೊಡನೆ ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟರೆ ಅದು ಪಡೆದುದಾದರೂ ಏನು? ಪಕ್ಕದಲ್ಲಿ ಕುಳಿತವನೊಡನೆ ನುಡಿಸಲು, ಅವನಿಗಾಗಿ ಕಾಯಲು, ಅವನ ತಪ್ಪನ್ನು ಸಾವರಿಸಿಕೊಂಡು ಮುನ್ನಡೆಯಲು ಅದು ಕಲಿಯಲೇ ಇಲ್ಲ. ವಾದ್ಯಪೆಟ್ಟಿಗೆಯಲ್ಲಿ ಧೂಳು ಹಿಡಿಯುವುದು ಬರಿಯ ವಯಲಿನ್ ಅಲ್ಲ. ಮುಂದೆ ದಾಂಪತ್ಯದಲ್ಲಿ, ಕಚೇರಿಯಲ್ಲಿ, ಸಮುದಾಯದಲ್ಲಿ ಬೇಕಾಗುವ ಒಂದು ಗುಣವೂ ಹೌದು. ಒಂದೇ ಮನೆಯ ನಾಲ್ವರು ನಾಲ್ಕು ಮೊಬೈಲುಗಳನ್ನು ಹಿಡಿದು ನಾಲ್ಕು ಮೂಲೆಗಳಲ್ಲಿ ಕೂರುವ ಈ ದಿನಗಳಲ್ಲಿ ಆ ಕೊರತೆ ನಮಗೆ ಈಗಾಗಲೇ ತಟ್ಟಿದೆ.

ಮಾಡಬೇಕಾದುದು ದುಬಾರಿಯದೇನೂ ಅಲ್ಲ. ವಯಲಿನ್ ಕಲಿಯುವ ಮಗುವಿರುವ ಮನೆ, ಕೀಬೋರ್ಡ್ ಕಲಿಯುವ ಮಗುವಿರುವ ನೆರೆಮನೆ - ಈ ಎರಡು ಮನೆಗಳು ತಿಂಗಳಿಗೊಂದು ಸಂಜೆ ಕೂಡಲಿ. ಸರಳವಾದ ಒಂದೇ ಪುಟವನ್ನು ಮಕ್ಕಳು ಜೊತೆಯಾಗಿ ನುಡಿಸಲಿ. ಹಿರಿಯರು ಕುಳಿತು ಕೇಳಲಿ. ಸಂಗೀತ ಶಿಕ್ಷಕರು ಪರೀಕ್ಷೆಯ ಪಾಠಗಳ ಜೊತೆಗೆ ಒಂದಾದರೂ ಯುಗಳವಾದನವನ್ನು ಕಲಿಸಲಿ. ಭಾನುವಾರದ ಗಾಯನ ಮಂಡಳಿಗಳು ಎಳೆಯ ವಾದಕರಿಗೆ ಒಂದು ಕುರ್ಚಿ ಹಾಕಲಿ. ಶೂಬರ್ಟ್ ಬೆಳೆದದ್ದೂ ಅಂತಹ ಮಂಡಳಿಯ ನೆರಳಿನಲ್ಲಿಯೇ. ಊರಿನಲ್ಲಿ ಇಂತಹ ಕಚೇರಿ ಏರ್ಪಟ್ಟಾಗ ಕುಟುಂಬ ಸಮೇತ ಹೋಗೋಣ. ಮೊಬೈಲನ್ನು ಮನೆಯಲ್ಲಿಯೇ ಬಿಡೋಣ. ಭಾಗಗಳ ನಡುವೆ ಚಪ್ಪಾಳೆ ತಟ್ಟುವ ರೂಢಿ ಇಲ್ಲಿಲ್ಲ. ಒಂದು ಭಾಗ ಮುಗಿದು ಇನ್ನೊಂದು ಆರಂಭವಾಗುವ ಆ ಮೌನವೂ ಕೃತಿಗೆ ಸೇರಿದ್ದು ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿ ಕರೆದೊಯ್ಯೋಣ. ಮಗುವಿಗೆ ನಡುವೆ ಬೇಸರವಾದರೆ ಗದರಬೇಕಾಗಿಲ್ಲ. ಯಾವ ವಾದ್ಯ ಈಗ ಮಾತನಾಡುತ್ತಿದೆ, ಯಾವುದು ಉತ್ತರ ಕೊಡುತ್ತಿದೆ ಎಂದು ಗಮನಿಸಲು ಹೇಳಿಕೊಟ್ಟರೆ ಸಾಕು; ಹಿಂದಿರುಗುವ ದಾರಿಯಲ್ಲಿ ಅದೇ ನಮಗೆ ಹತ್ತು ಸಂಗತಿಗಳನ್ನು ಹೇಳೀತು.

ಎಲ್ಲ ಮಕ್ಕಳೂ ಶೂಬರ್ಟ್ ಆಗಲಾರರು, ಆಗಬೇಕಾಗಿಯೂ ಇಲ್ಲ. ಪಾಮ್‌ಗಾರ್ಟ್‌ನರ್ ದೊಡ್ಡ ಕಲಾವಿದರೇನಲ್ಲ. ಆದರೆ ಸಂಜೆಯಾದೊಡನೆ ಚೆಲ್ಲೋ ಹಿಡಿದು ನಾಲ್ವರೊಡನೆ ಕೂರುವ ಅವರ ಆಸೆಯಿಂದ ಲೋಕಕ್ಕೊಂದು ಶ್ರೇಷ್ಠ ಕೃತಿ ದಕ್ಕಿತು. ನಮ್ಮ ಪಡಸಾಲೆಗಳಲ್ಲೂ ಅಂತಹ ಒಂದು ಆಸೆಗೆ, ಅಂತಹ ಎರಡು ಕುರ್ಚಿಗಳಿಗೆ ಸ್ಥಳ ಮಾಡಿಕೊಡುವುದು ತಂದೆತಾಯಿಯರ ಕೈಯಲ್ಲಿದೆ. ಈ ವರ್ಷವೇ ಅದಕ್ಕೆ ಮೊದಲಿಡೋಣ.