ಕೊನೇ ರೇಟು ಮೊದಲು ಕೇಳಿ

ಟಿವಿ ಅಂಗಡಿಯ ಮೆಟ್ಟಿಲು ಹತ್ತಿದವರನ್ನು ಸೇಲ್ಸ್ ಹುಡುಗ ಕೇಳುವ ಮೊದಲ ಮಾತು, ‘ಸರ್, ಕ್ಯಾಷಾ, ಇಎಂಐನಾ?’ ತಟ್ಟನೆ ಉತ್ತರ ಕೊಡಬೇಡಿ. ‘ಕ್ಯಾಷ್ ಆದ್ರೆ ಕೊನೇ ರೇಟು ಎಷ್ಟಪ್ಪ?’ ಎಂದು ಕೇಳಿ, ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಕಂತಿನ ಮಾತು ಆಮೇಲೆ. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಲೆಕ್ಕ ಬರೆದೇ ನಿವೃತ್ತನಾದವನು ನಾನು. ಈ ಕ್ರಮ ತಿರುವುಮುರುವಾದರೆ ಗಿರಾಕಿಗೆ ಎಷ್ಟು ಹೊರೆ ಬೀಳುತ್ತದೆಂದು ಗೊತ್ತು.

43 ಇಂಚಿನ ಟಿವಿಗೆ 30,000 ರೂಪಾಯಿ ಎಂದಿಟ್ಟುಕೊಳ್ಳಿ. ‘ನೋ ಕಾಸ್ಟ್ ಇಎಂಐ’, ತಿಂಗಳಿಗೆ 3,000ದಂತೆ 10 ಕಂತು, ಬಡ್ಡಿ ಸೊನ್ನೆ. ಪ್ರೊಸೆಸಿಂಗ್ ಫೀ 500, ಅದರ ಮೇಲೆ ಶೇ 18ರ ಜಿಎಸ್‌ಟಿ 90. ಅದೇ ಟಿವಿಗೆ ಒಟ್ಟಿಗೆ ದುಡ್ಡು ಎಣಿಸಿದರೆ ಅಂಗಡಿಯವರು 27,500ಕ್ಕೆ ಇಳಿಯುತ್ತಾರೆ ಅನ್ನಿ. ಅಲ್ಲಿಗೆ ಕಂತಿನವರು 3,090 ಹೆಚ್ಚು ಕೊಟ್ಟಂತಾಯಿತು. ಶೇ 11 ತಾನೆ ಎನ್ನಬೇಡಿ. ಪೂರ್ತಿ ಸಾಲ ಹತ್ತೂ ತಿಂಗಳು ನಿಮ್ಮ ಕೈಲಿರುವುದಿಲ್ಲ, ಕಂತು ಕಟ್ಟಿದಂತೆಲ್ಲ ಕರಗುತ್ತದೆ. ಕರಗುವ ಸಾಲಕ್ಕೆ ಲೆಕ್ಕ ಹಾಕಿದರೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ! ಕೈಸಾಲ ಕೊಡುವವರು ಬಾಯಿಬಿಟ್ಟು ಕೇಳುವ ದರವೂ ಅದೇ. ಅವರು ಅದನ್ನು ಸೊನ್ನೆ ಅನ್ನುವುದಿಲ್ಲ, ಅಷ್ಟೇ.

ಇದೇನು ನನ್ನ ಸಂಶೋಧನೆಯಲ್ಲ. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಆಮೇಲೆ ಅಂಗಡಿ ಬೋರ್ಡಿನ ಮೇಲಿನ ಹೆಸರು ‘ನೋ ಕಾಸ್ಟ್’ ಎಂದು ಬದಲಾಯಿತು, ಅಷ್ಟೇ.

ಹಾಗಂತ ಕಂತು ಪಾಪವಲ್ಲ. ನಮ್ಮ ಬೀದಿಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳಿಗೆ ಈ ಲೆಕ್ಕವನ್ನೆಲ್ಲ ಒಪ್ಪಿಸಿ, ‘ಒಂದು ವರ್ಷ ಕೂಡಿಡಮ್ಮ’ ಅಂದೆ. ‘ಕೂಡಿಟ್ರೆ ಮಧ್ಯದಲ್ಲಿ ಯಾರದೋ ಸೀಮಂತ, ಇನ್ಯಾರದೋ ಆಸ್ಪತ್ರೆ ಬರುತ್ತೆ ಅಂಕಲ್. ಕಂತಾದ್ರೆ ಟಿವಿ ಆದ್ರೂ ಮನೇಲಿ ಉಳಿಯುತ್ತೆ’ ಅಂದಳು. ನೂರಕ್ಕೆ ಎರಡು ರೂಪಾಯಿ ಕೊಟ್ಟು ಅವಳು ಕೊಳ್ಳುತ್ತಿರುವುದು ಬರೀ ಟಿವಿಯನ್ನಲ್ಲ, ನೆಂಟರಿಗೆ ಇಲ್ಲ ಎನ್ನಲು ಒಂದು ನೆಪವನ್ನೂ. ಇದು ನನ್ನ ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ. ಕಂತಿನ ತಾರೀಖು ಸಂಬಳ ಬಿದ್ದ ಮೇಲೇ ಇರಲಿ ಎಂದಷ್ಟೇ ಹೇಳಿದೆ. ಖಾತೆಯಲ್ಲಿ ದುಡ್ಡಿಲ್ಲದೆ ಕಂತು ಬೌನ್ಸ್ ಆದರೆ ಬ್ಯಾಂಕಿನವರೂ ದಂಡ ಹಾಕುತ್ತಾರೆ, ಸಾಲ ಕೊಟ್ಟವರೂ ಹಾಕುತ್ತಾರೆ.

ನನಗೆ ಅರ್ಥವಾಗದ್ದು, ಬ್ಯಾಂಕಿನಲ್ಲಿ ಡಿಪಾಸಿಟ್ ಇಟ್ಟುಕೊಂಡು ‘ಬಡ್ಡಿ ಇಲ್ವಲ್ಲ’ ಎಂದು ಕಂತಿಗೆ ಕೈಯೊಡ್ಡುವ ಮೇಷ್ಟರು, ಎಂಜಿನಿಯರುಗಳು. ಡಿಪಾಸಿಟ್ಟಿಗೆ ಸಿಗುವ ಬಡ್ಡಿ ಈ ನೂರಕ್ಕೆ ಎರಡರ ಅರ್ಧವೂ ಇಲ್ಲ.

ಬಾಡಿಗೆಯ ದಾರಿಯೂ ಇದೆ. ವರ್ಷದೊಪ್ಪತ್ತಿನ ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಹುಡುಗರು ಬಾಡಿಗೆಗೆ ತಂದು, ಊರು ಬಿಡುವಾಗ ವಾಪಸ್ ಕೊಟ್ಟು ಡಿಪಾಸಿಟ್ ತೆಗೆದುಕೊಳ್ಳಲಿ, ಅದರಲ್ಲಿ ತಪ್ಪಿಲ್ಲ. ಬಾಡಿಗೆ ಕಟ್ಟುತ್ತಾ ಕಟ್ಟುತ್ತಾ ಸ್ವಂತ ಮಾಡಿಕೊಳ್ಳುತ್ತೇನೆಂದರೆ ಮಾತ್ರ ಬೇರೆ ಮಾತು. ಬ್ರಿಟನ್ನಿನಲ್ಲಿ ಆ ವ್ಯಾಪಾರ ಎಷ್ಟು ಮಿತಿಮೀರಿತ್ತೆಂದರೆ, ವಸ್ತುವಿನ ಬೆಲೆಯ ಮೇಲೆ ಸೇರಿಸುವ ಸಾಲದ ಖರ್ಚು ಆ ಬೆಲೆಯನ್ನೇ ದಾಟಬಾರದೆಂದು 2019ರಲ್ಲಿ ಅಲ್ಲಿನ ಹಣಕಾಸು ನಿಯಂತ್ರಕರು ಕಟ್ಟುಪಾಡು ಹಾಕಬೇಕಾಯಿತು. ಮಿತಿ ಹಾಕಿದ ಮೇಲೂ ಒಂದು ಟಿವಿಗೆ ಎರಡು ಟಿವಿಯ ದುಡ್ಡು ವಸೂಲಿ ಮಾಡಬಹುದು!

ನಮ್ಮಲ್ಲಿ 2024ರ ಅಕ್ಟೋಬರ್‌ನಿಂದ ಸಾಲ ಕೊಡುವವರು ಎಲ್ಲ ಖರ್ಚನ್ನೂ ಸೇರಿಸಿದ ವಾರ್ಷಿಕ ದರವನ್ನು ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ಕೇಳಿ ಪಡೆಯಿರಿ. ಆದರೆ ಅಂಗಡಿಯವರು ನಿಮಗೆ ಬಿಡದೇ ಹೋದ ಆ 2,500 ರೂಪಾಯಿ ಆ ಹಾಳೆಯಲ್ಲಿ ಇರುವುದಿಲ್ಲ.