ಗಲ್ಲಾ ಮೇಲಿನ ಲಕ್ಷ್ಮಿ ಮೋಡಕಾ ಗಾಡಿಗೆ!

ಕಳೆದ ವಾರ ದುರ್ಗದಬೈಲಿನ ಹತ್ತಿರ ಒಂದು ಹಳೇ ಅಂಗಡಿಯ ರಿಪೇರಿ ನಡೆದಿತ್ತು. ಮುಂದೆ ನಿಂತ ಮೋಡಕಾ ಗಾಡಿಯಲ್ಲಿ ತುಕ್ಕು ತಿಂದ ತಕ್ಕಡಿಯ ಜೊತೆ ಒಂದು ಲಕ್ಷ್ಮಿ ಫೋಟೋ. ಸೀರೆಗೆ ಜರಿ, ಕೊರಳಿಗೆ ಚಮಕಿ ಅಂಟಿಸಿದ ಹಳೇ ಕಾಲದ್ದು. ಮಾಲೀಕರನ್ನು ಕೇಳಿದರೆ, "ಅಜ್ಜನ ಕಾಲದ್ದರೀ. ಸಹಿ ಇಲ್ಲ, ಹೆಸರಿಲ್ಲ. ಹೋಗ್ಲಿ ಬಿಡ್ರಿ" ಎಂದರು. ಮಾತು ಮುಗಿಯುವಷ್ಟರಲ್ಲಿ ಗಾಡಿ ಹೋಗೇಬಿಟ್ಟಿತು. ಅಜ್ಜ ಪ್ರತಿ ದೀಪಾವಳಿಗೆ ಆರತಿ ಎತ್ತಿದ ಲಕ್ಷ್ಮಿಯನ್ನು ಮೊಮ್ಮಗ ಕಿಲೋ ಲೆಕ್ಕದಲ್ಲಿ ಕಳಿಸಿದ!

ಸಹಿ ಇಲ್ಲದ್ದಕ್ಕೆ ಬೆಲೆ ಇಲ್ಲವೆಂದು ಯಾರು ಹೇಳಿದರು? ಹಾಗಂತ ಹಳೆಯದೆಲ್ಲ ರವಿವರ್ಮನ ಕೈಯದೂ ಅಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಛಾಪಖಾನೆ ತೆರೆದರು. ಅದು ಮುಂದೆ ಲೋಣಾವಳದ ಹತ್ತಿರ ಮಳವಲಿಗೆ ಹೋಯಿತು, ಜರ್ಮನ್ ತಂತ್ರಜ್ಞ ಶ್ಲೈಷರ್ ಕೈ ಸೇರಿತು. 1906ರಲ್ಲಿ ರವಿವರ್ಮ ತೀರಿಕೊಂಡ ಮೇಲೂ ಅಲ್ಲಿ ದೇವರ ಚಿತ್ರಗಳು ಅಚ್ಚಾಗುತ್ತಲೇ ಇದ್ದವು. ಬೇರೆ ಕಲಾವಿದರವೂ ಇದ್ದವು. 1972ರಲ್ಲಿ ಛಾಪಖಾನೆ ಬೆಂಕಿಗೆ ಆಹುತಿಯಾಯಿತು. ಇಂಥ ಹಾಳೆಗಳ ಕೆಳಅಂಚಿನಲ್ಲಿ ಛಾಪಖಾನೆಯ ಹೆಸರು ಇರುತ್ತಿತ್ತು. ಕಟ್ಟು ಹಾಕುವವರು ಅಳತೆ ಕೂಡಿಸಲು ಆ ಅಂಚು ಕತ್ತರಿಸಿದರೋ, ಚಿತ್ರ ಅನಾಥ.

ಆದರೂ ಪತ್ತೆ ಹಚ್ಚಲು ದಾರಿ ಉಂಟು. ಗಡಿಯಾರ ರಿಪೇರಿಯವರ ಭೂತಗನ್ನಡಿ ಹಿಡಿದು ನೋಡಿರಿ. ಸಣ್ಣ ಸಣ್ಣ ಬಣ್ಣದ ಚುಕ್ಕೆ ಕಂಡರೆ ಅಚ್ಚಿನದು. ಕುಂಚದ ಗೆರೆ, ಬಣ್ಣದ ದಪ್ಪ ಕಂಡರೆ ಕೈಯಿಂದ ಬರೆದದ್ದಿರಬಹುದು. ಕಟ್ಟಿನ ಹಿಂದೆ ಹಳೇ ಪೇಪರು ಅಂಟಿಸಿದ್ದರೆ ಅದರ ತಾರೀಖು ಬರೆದುಕೊಳ್ಳಿರಿ. ಕಟ್ಟು ಹಾಕಿದ ಕಾಲದ ಅಂದಾಜು ಸಿಗುತ್ತದೆ. ಹಸಿ ಬಟ್ಟೆಯಿಂದ ಮಾತ್ರ ಒರೆಸಬೇಡಿರಿ. ಗಾಜಿನ ಮೇಲೆ ಬರೆದ ಚಿತ್ರವಾದರೆ ಬಣ್ಣ ಹಿಂಬದಿಗೆ ಇರುತ್ತದೆ. ತೊಳೆದಿರೋ, ದೇವರು ಬಚ್ಚಲಿಗೆ!

ಊರೂರು ತಿರುಗಿ ಹಳೇ ಚಿತ್ರ ಕೊಳ್ಳುವ ದಲಾಲಿಗಳಿದ್ದಾರೆ. ನೂರು ರೂಪಾಯಿಗೆ ಒಯ್ದದ್ದನ್ನು ಎಷ್ಟಕ್ಕೆ ಮಾರುತ್ತಾರೋ ನಮಗೆ ಹೇಳುವುದಿಲ್ಲ. ನೂರು ವರ್ಷ ದಾಟಿದ ವರ್ಣಚಿತ್ರ 1972ರ ಕಾಯ್ದೆಯಂತೆ ಪುರಾತನ ವಸ್ತು. ಅದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಅದರ ವ್ಯಾಪಾರಕ್ಕೂ ಲೈಸೆನ್ಸ್ ಬೇಕು.

ನಮ್ಮ ಭಾಗದ ಕೈಗಳೇನು ಕಡಿಮೆಯೆ? ಧಾರವಾಡದಲ್ಲಿ ಹಾಲಭಾವಿಯವರು, ಗದುಗಿನಲ್ಲಿ ಟಿ.ಪಿ. ಅಕ್ಕಿಯವರು ಶಾಲೆ ಕಟ್ಟಿ ಚಿತ್ರಗಾರರನ್ನು ತಯಾರು ಮಾಡಿದರು. ಆದರೆ ನಾಟಕ ಕಂಪನಿಯ ಪರದೆ, ಅಂಗಡಿಯ ಬೋರ್ಡು, ಮಠದ ಗೋಡೆ ಬರೆದ ಎಷ್ಟೋ ಜನರ ಹೆಸರು ಇವತ್ತು ಯಾರ ಬಾಯಲ್ಲೂ ಇಲ್ಲ. ಚಿತ್ರವೂ ಮೋಡಕಾಕ್ಕೆ ಹೋದರೆ ಅವರು ಇದ್ದರೆಂಬುದಕ್ಕೆ ಸಾಕ್ಷಿ ಏನು?

ಧಾರವಾಡದಲ್ಲಿ ಕನ್ನಡ ಸಂಶೋಧನಾ ಪೀಠದ ವಸ್ತುಸಂಗ್ರಹಾಲಯವಿದೆ, ಪುರಾತತ್ವ ಸರ್ವೇಕ್ಷಣದ ಕಚೇರಿಯಿದೆ. ಬಲ್ಲವರು ತಿಂಗಳಿಗೊಂದು ಭಾನುವಾರ ಹುಬ್ಬಳ್ಳಿಯಲ್ಲೊಮ್ಮೆ, ಧಾರವಾಡದಲ್ಲೊಮ್ಮೆ ಕೂತರೆ ಜನ ಮನೆಯ ಚಿತ್ರ ತಂದು ತೋರಿಸಿಯಾರು. ಮಹಾನಗರ ಪಾಲಿಕೆಗೆ ಒಂದು ಕೋಣೆ, ನಾಲ್ಕು ಕುರ್ಚಿ ಕೊಡುವುದು ಭಾರವೆ?

ಅಲ್ಲಿಯವರೆಗೆ ವ್ಯಾಪಾರಸ್ಥರಲ್ಲಿ ಒಂದೇ ವಿನಂತಿ. ಈ ದೀಪಾವಳಿಗೆ ಅಂಗಡಿ ಜಾಡಿಸುವಾಗ ಹಳೇ ಫೋಟೋ ಇಳಿಸಿದರೆ ಒಮ್ಮೆ ಹಿಂದೆ ತಿರುವಿ ನೋಡಿರಿ. ಮೋಡಕಾದವ ನಾಳೆಯೂ ಬರುತ್ತಾನೆ.