ಚೀಲದ ಗೊಬ್ಬರವೋ, ತಿಪ್ಪೆಯ ಗೊಬ್ಬರವೋ?

ಬಡ ರಾಷ್ಟ್ರಗಳು ರಾಸಾಯನಿಕ ಗೊಬ್ಬರವನ್ನು ತೊರೆದು ಸಾವಯವ ಕೃಷಿಯನ್ನು ಅವಲಂಬಿಸುವುದು ಯುಕ್ತವೆ?

ಪರ

ಗೊಬ್ಬರವನ್ನೂ ಅದರ ತಯಾರಿಕೆಗೆ ಬೇಕಾದ ಅನಿಲವನ್ನೂ ಹೊರಗಿನಿಂದ ಕೊಂಡು ತರುವ ರಾಷ್ಟ್ರವು ಅನ್ನದ ವಿಷಯದಲ್ಲಿ ಪರಾಧೀನವೇ ಸರಿ. 1991ರಲ್ಲಿ ಸೋವಿಯತ್ ಒಕ್ಕೂಟವು ವಿಸರ್ಜಿತವಾಗಿ, ಅಲ್ಲಿಂದ ಬರುತ್ತಿದ್ದ ತೈಲ, ಗೊಬ್ಬರ, ಕೀಟನಾಶಕಗಳ ಸರಬರಾಜು ಕುಸಿದು, ಟ್ರಾಕ್ಟರುಗಳು ಮೂಲೆಗುಂಪಾಗಿ ಎತ್ತುಗಳು ಮತ್ತೆ ನೊಗಕ್ಕೆ ಕೊರಳೊಡ್ಡಬೇಕಾಗಿ ಬಂದಾಗ, ಕ್ಯೂಬಾದ ಹವಾನಾ ನಗರದ ಜನರು ಪಾಳು ನಿವೇಶನಗಳಲ್ಲಿ ಕಾಂಪೋಸ್ಟು ತುಂಬಿದ ಮಡಿಗಳನ್ನೆಬ್ಬಿಸಿ ಸೊಪ್ಪು ತರಕಾರಿಗಳನ್ನು ಬೆಳೆದುಕೊಂಡರು. ಅವರದು ನಿರ್ಬಂಧ, ಸಿಕ್ಕಿಮಿನದು ಸಂಕಲ್ಪ. ಆ ಪುಟ್ಟ ರಾಜ್ಯವು 2003ರಲ್ಲಿ ನಿರ್ಧರಿಸಿ, ರಸಗೊಬ್ಬರದ ಸಹಾಯಧನವನ್ನು ಕ್ರಮೇಣ ಇಳಿಸಿ, 2016ರಲ್ಲಿ ಪೂರ್ಣ ಸಾವಯವವೆನಿಸಿತು.

ಇವೆಲ್ಲಕ್ಕಿಂತ ಬಲವಾದ ವಾದವೊಂದುಂಟು. ಮಳೆಯನ್ನೇ ನಂಬಿದ ಸಣ್ಣ ರೈತನು ಸಾಲ ಮಾಡಿ ಗೊಬ್ಬರ ಚೆಲ್ಲಿದ ವರುಷ ಮಳೆ ಕೈಕೊಟ್ಟರೆ ಬೆಳೆಯು ಹೋಗುತ್ತದೆ, ಸಾಲವು ಉಳಿಯುತ್ತದೆ. ಮನೆಯ ತಿಪ್ಪೆಯಾದರೋ ಬಡ್ಡಿಯನ್ನು ಕೇಳುವುದಿಲ್ಲ.

ವಿರೋಧ

ತಿಪ್ಪೆಯು ಬಡ್ಡಿಯನ್ನು ಕೇಳದಿರಬಹುದು, ಆದರೆ ದನವನ್ನೂ ಮೇವನ್ನೂ ಆಳನ್ನೂ ಕೇಳುತ್ತದೆ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕವಿದ್ದರೆ ಕಾಂಪೋಸ್ಟಿನಲ್ಲಿರುವುದು ಸಾಮಾನ್ಯವಾಗಿ ಒಂದೆರಡು ಪಾಲು. ನಾಲ್ಕು ಚೀಲ ಯೂರಿಯಾದ ಕೆಲಸಕ್ಕೆ ಹಲವಾರು ಟನ್ನು ಕಾಂಪೋಸ್ಟನ್ನು ಹೊತ್ತು ಹೊಲಕ್ಕೆ ಹಾಕಬೇಕು. ಸೆಣಬು, ಹುರುಳಿಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ತರುತ್ತವೆಂಬುದು ನಿಜವಾದರೂ ಅವುಗಳಿಗೂ ಭೂಮಿ ಬೇಕು, ಕಾಲ ಬೇಕು.

ಈ ಕಾಲವನ್ನೇ ಶ್ರೀಲಂಕಾ ತನ್ನ ರೈತರಿಗೆ ಕೊಡಲಿಲ್ಲ. 2019ರ ಚುನಾವಣೆಯಲ್ಲಿ ಹತ್ತು ವರ್ಷಗಳ ಅವಧಿಯಲ್ಲಿ ಸಾವಯವಕ್ಕೆ ತಿರುಗುವ ಭರವಸೆಯಿತ್ತಿದ್ದ ಗೋಟಬಯ ರಾಜಪಕ್ಸರ ಸರಕಾರವು, ವಿದೇಶೀ ವಿನಿಮಯದ ಅಭಾವವೂ ಒತ್ತುತ್ತಿದ್ದ ಸಮಯದಲ್ಲಿ, 2021ರ ಮೇ ತಿಂಗಳಿನಲ್ಲಿ ರಸಗೊಬ್ಬರದ ಆಮದನ್ನು ಒಂದೇ ಏಟಿಗೆ ನಿಷೇಧಿಸಿತು. ಸಾಲದಷ್ಟು ಕಾಂಪೋಸ್ಟು, ಸಿದ್ಧರಾಗದ ರೈತರು, ಮೇಲೆ ರಾಜಾಜ್ಞೆ! ನವೆಂಬರಿನಲ್ಲಿ ಆಜ್ಞೆಯನ್ನು ಹಿಂತೆಗೆದುಕೊಂಡರಾದರೂ ಭತ್ತದ ಇಳುವರಿಯು ಬಿದ್ದಿತು. ಅಕ್ಕಿಯಲ್ಲಿ ಬಹುಮಟ್ಟಿಗೆ ಸ್ವಾವಲಂಬಿಯಾಗಿದ್ದ ದ್ವೀಪವು ಹೊರಗಿನಿಂದ ಅಕ್ಕಿ ತರಿಸಿತು. ವಿನಿಮಯವನ್ನು ತರತಕ್ಕ ಚಹದ ಬೆಳೆಯೂ ಕುಗ್ಗಿತೆಂಬುದನ್ನು ನೆನೆದರೆ ಆ ಮಿತವ್ಯಯದ ಪರಿ ಎಂಥದೆಂಬುದು ತಿಳಿಯುತ್ತದೆ.

ಪರಪಕ್ಷದವರು ಹೆಮ್ಮೆಯಿಂದ ಹೇಳುವ ಸಿಕ್ಕಿಮಿಗೂ ಅಕ್ಕಿಯು ಬಯಲುಸೀಮೆಯಿಂದಲೇ ಏರಿ ಹೋಗಬೇಕು. ಕ್ಯೂಬಾ ಇಂದಿಗೂ ತನ್ನ ಆಹಾರದ ಬಹುಭಾಗವನ್ನು ಆಮದು ಮಾಡಿಕೊಳ್ಳುತ್ತದೆ. ಯಾಲಕ್ಕಿ, ಶುಂಠಿಗಳಿಗೆ ಸಾವಯವವು ಒಪ್ಪುತ್ತದೆ, ಮಳೆಯಾಶ್ರಿತ ಹೊಲಗಳಿಗೂ ಒಪ್ಪೀತು. ನೀರಾವರಿಯ ಭತ್ತದ ಗದ್ದೆಗಳಿಗೆ ಮಾತ್ರ ಯೂರಿಯಾ ಇನ್ನೂ ಬಹುಕಾಲ ಬೇಕೆಂಬುದೇ ನನ್ನ ಮತ.